ಬೇಲಿಯಿಂದ ಕಿತ್ತ ‘ಕಸ’

ಹೋದ ತಿಂಗಳು ನಾನೊಂದು ಹಕ್ಕಿಯನ್ನು ಕೊಂದೆ. ಹಸಿರು ಟೀ ಶರ್ಟ್ ಹಾಕಿಕೊಂಡು. ಅದರ ಬೆನ್ನ ಮೇಲೆ ‘ಪ್ರಕೃತಿ ಉಳಿಸಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

ನಗಬೇಡಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಟೆಕ್ಸಾಸಿನ ಫ್ರಿಸ್ಕೋದಲ್ಲಿ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ ಪ್ರಭಾಕರ್ ಇದ್ದಾರೆ. ಹುಬ್ಬಳ್ಳಿಯವರು. ಲಾಸ್ ಕೊಲಿನಾಸ್‌ನಲ್ಲಿ ಸ್ವಂತ ಕನ್ಸಲ್ಟಿಂಗ್ ಕಂಪನಿ. ಎರಡು ವರ್ಷದ ಹಿಂದೆ ರಾಜ್ಯದ ವಾಯವ್ಯ ಮೂಲೆಯಲ್ಲಿ, ಇಲ್ಲಿಂದ ಆರು ಗಂಟೆ ಡ್ರೈವ್ ಮಾಡಿದರೆ ಸಿಗುವ ಕಡೆ, ದನ ಮೇಯಿಸುವ ದೊಡ್ಡ ಬಯಲಿನ ಒಂದು ರ‍್ಯಾಂಚ್ ಕೊಂಡರು. ಯಾಕೆ? ಮೆಕಿನ್ನಿಯಲ್ಲಿರುವ ಅವರ ಷಡ್ಡಕ ಕೊಂಡಿದ್ದರು, ಅದಕ್ಕೆ. ದನ ಗೊತ್ತಿಲ್ಲ, ಹುಲ್ಲು ಗೊತ್ತಿಲ್ಲ. ಆದರೆ ಪಾರ್ಟಿಗಳಲ್ಲಿ ‘ನಮ್ಮ ರ‍್ಯಾಂಚ್‌ನಾಗ’ ಎಂದು ಮಾತು ಶುರು ಮಾಡಬಹುದಲ್ಲ!

ಆ ನೆಲ ಗುತ್ತಿಗೆಗೆ ಹಿಡಿದು ನಿಜವಾಗಿ ದನ ಮೇಯಿಸುವಾಕೆ ಪಕ್ಕದ ರ‍್ಯಾಂಚಿನ ಲಿನ್. ಅರವತ್ತು ದಾಟಿದ, ಮಾತು ಕಮ್ಮಿಯ ಹೆಂಗಸು. ಮರಳು ನೆಲ, ಮೊಣಕಾಲೆತ್ತರದ ಹುಲ್ಲು, ನಡುನಡುವೆ ಸೇಜ್‌ಬ್ರಶ್ ಎಂಬ ಬೂದು ಬಣ್ಣದ ಪೊದೆ. ಅದರ ಎಲೆ ಉಜ್ಜಿ ಮೂಸಿದರೆ ಥೇಟ್ ದವನ. (ಎರಡೂ ಒಂದೇ ಕುಲದವಂತೆ.) ‘ಈ ಹಾಳು ಪೊದಿ ಎಲ್ಲಾ ತಗಿಸಿ ಕ್ರಿಕೆಟ್ ಗ್ರೌಂಡ್ ಮಾಡೂದದ’ ಎಂದು ಪ್ರಭಾಕರ್ ಮೊದಲ ದಿನವೇ ಘೋಷಿಸಿದ್ದರು.

ಏಪ್ರಿಲ್ ಮೊದಲ ವಾರ ಅವರು ‘ನೇಚರ್ ವೀಕೆಂಡ್’ ಇಟ್ಟರು. ಆರು ಕುಟುಂಬ, ಆರು ಎಸ್‌ಯುವಿ. (ಎರಡು ವ್ಯಾನ್ ಸಾಕಿತ್ತು. ಹೇಳುವವರಾರು?) ಟೀ ಶರ್ಟ್ ಅವರ ಹೆಂಡತಿ ಶೈಲಾ ಮಾಡಿಸಿದ್ದು. ಶುಕ್ರವಾರ ಸಂಜೆ ಚಪಾತಿ, ಬದನೆಕಾಯಿ ಎಣಗಾಯಿ ತಿನ್ನುತ್ತಾ ಎಲ್ಲರೂ ಸೇರಿ ಲಿನ್ ಬಗ್ಗೆ ಮರುಗಿದೆವು. ಮಾಂಸಕ್ಕಾಗಿ ದನ ಸಾಕುತ್ತಾಳೆ, ಎಂಥ ಪಾಪದ ಕಸುಬು! ನಾವು? ಶುದ್ಧ ಸಸ್ಯಾಹಾರಿಗಳು.

ಶನಿವಾರ ಮಧ್ಯಾಹ್ನ ಕ್ಲೀನ್-ಅಪ್ ಡ್ರೈವ್. ಒಂದೇ ತೊಂದರೆ, ಅಲ್ಲಿ ಕಸವೇ ಇರಲಿಲ್ಲ. ಜನರೇ ಇಲ್ಲದ ಕಡೆ ಕಸ ಎಲ್ಲಿಂದ ಬರಬೇಕು? ಕರಿ ಚೀಲ ಹಿಡಿದು ಅರ್ಧ ಗಂಟೆ ಅಲೆದ ಮೇಲೆ ಯಾರದೋ ಕಣ್ಣಿಗೆ ಮುಳ್ಳುತಂತಿಯ ಬೇಲಿ ಬಿತ್ತು. ಮೇಲಿನ ತಂತಿಯ ಉದ್ದಕ್ಕೂ ಬೆರಳುದ್ದದ ಬಿಳಿ ಪ್ಲಾಸ್ಟಿಕ್ ತುಂಡುಗಳು. ಪ್ಲಾಸ್ಟಿಕ್! ಎಲ್ಲರಿಗೂ ಜೀವ ಬಂತು. ಕಿತ್ತಿದ್ದೇ ಕಿತ್ತಿದ್ದು. ನಾನೂ ಕಿತ್ತೆ. ಹನ್ನೆರಡು ಜನ ದೊಡ್ಡವರಲ್ಲಿ ಒಂಬತ್ತು ಜನ ಎಂಜಿನಿಯರುಗಳು. ಇಷ್ಟು ಸಮ ಅಂತರದಲ್ಲಿ ಯಾರಾದರೂ ಕಸ ಎಸೆಯುತ್ತಾರಾ ಎಂದು ಒಬ್ಬರಿಗಾದರೂ ಹೊಳೆಯಬೇಡವೇ? ತುಂಬಿದ ಚೀಲದ ಜೊತೆ ಗ್ರೂಪ್ ಫೋಟೋ ಆಯಿತು.

ಸಂಜೆ ಲಿನ್ ಗೇಟಿಗೆ ಬಂದು, ಬೆಳಗ್ಗೆ ಹಕ್ಕಿಗಳ ಕುಣಿತ ತೋರಿಸುತ್ತೇನೆ, ಬೆಳಕು ಹರಿಯುವ ಮುಂಚೆ ರೆಡಿ ಇರಬೇಕು, ಮಾತಾಡಬಾರದು ಎಂದಳು. ಎದ್ದವರು ಇಬ್ಬರೇ. ಶೈಲಾ ಮತ್ತು ನಾನು. ಪ್ರಕೃತಿಪ್ರಿಯರು ಮಲಗಿದ್ದರು.

ಆಕೆಯ ಪಿಕಪ್ ಟ್ರಕ್‌ನಲ್ಲಿ ಉಸಿರು ಬಿಗಿಹಿಡಿದು ಕೂತೆವು. ಪೂರ್ವ ಕೆಂಪಾಗುತ್ತಿದ್ದಂತೆ ಬಯಲಿನಲ್ಲಿ ಒಂದೊಂದೇ ಹುಂಜ ಇಳಿಯಿತು. ಪ್ರೇರಿ ಕೋಳಿ ಅಂತ ಹೆಸರು. ಕುತ್ತಿಗೆಯ ಪಕ್ಕದ ಕೆಂಪು ಚೀಲ ಊದಿಸಿ, ಬಾಲ ನಿಗುರಿಸಿ, ನೆಲಕ್ಕೆ ಪಟಪಟನೆ ಕಾಲು ಬಡಿಯತೊಡಗಿದವು. ಕೊಡದಿಂದ ನೀರು ಬಗ್ಗಿಸಿದ ಹಾಗೆ ಗುಳುಗುಳು ಸದ್ದು. ಶೈಲಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನನಗೆ ಯಾಕೋ ಕಣ್ಣು ತುಂಬಿ ಬಂತು.

ಆಗ ಬೇಲಿಯ ಆಚೆಯಿಂದ ಒಂದು ಹೇಟೆ ತಗ್ಗಿನಲ್ಲೇ ಹಾರಿ ಬಂತು. ಟಂಗ್! ತಂತಿ ನಡುಗಿತು. ಹಕ್ಕಿ ಕೆಳಗೆ ಬಿತ್ತು.

ಲಿನ್ ಇಳಿದು ಓಡಿದಳು. ನಾವೂ ಹಿಂದೆಯೇ ಹೋದೆವು. ಆಕೆ ಹಕ್ಕಿಯನ್ನು ಎತ್ತಿಕೊಂಡಳು, ಕುತ್ತಿಗೆ ಜೋತುಬಿದ್ದಿತ್ತು. ಆಮೇಲೆ ತಂತಿ ನೋಡಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

‘ನನ್ನ ಗುರುತುಗಳು ಎಲ್ಲಿ?’

ಹಕ್ಕಿಗೆ ತೆಳ್ಳನೆಯ ತಂತಿ ಕಾಣುವುದಿಲ್ಲ, ಬಿಳಿ ತುಂಡು ಕಾಣುತ್ತದೆ. ಅದಕ್ಕೇ ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ ಕತ್ತರಿಸಿ, ಒಂದೊಂದನ್ನೇ ತಂತಿಗೆ ಸಿಕ್ಕಿಸಿದ್ದಳಂತೆ. ನಾವೇ ತೆಗೆದದ್ದು, ಕಸ ಅಂದುಕೊಂಡಿದ್ದೆವು ಎಂದು ಶೈಲಾ ಹೇಳಿದಳು. ನಾನು ಅವಳ ಹಿಂದೆ ನಿಂತಿದ್ದೆ. ಲಿನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಈ ಪೊದೆಗಳ ಬುಡದಲ್ಲೇ ಇವು ಮೊಟ್ಟೆ ಇಡೋದು. ನಾನು ಜಾಗ ಬದಲಿಸಿ ಬದಲಿಸಿ ದನ ಮೇಯಿಸ್ತೀನಿ, ಒಂದೇ ಕಡೆ ಹುಲ್ಲು ಸವೆಯೋಕೆ ಬಿಡಲ್ಲ’ ಎಂದಳು. ‘ನನ್ನ ಕೈಲಿ ದನ ಸಾಕೋಕಾಗದ ದಿನ ಈ ನೆಲ ಮತ್ತೆ ಯಾರ ಕೈಗೆ ಹೋಗುತ್ತೆ ಅಂತ ನಿಮಗೇ ಗೊತ್ತು.’

ಗೊತ್ತಿತ್ತು. ಅವರು ಗೆಸ್ಟ್‌ಹೌಸಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು.

ವಿಷಯ ಕೇಳಿದ ಪ್ರಭಾಕರ್ ಚಮಚ ಕೆಳಗಿಡಲಿಲ್ಲ. ‘ಒಂದ್ ಕೋಳಿ ಸಲುವಾಗಿ ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಹೊಸಾವು ಆನ್‌ಲೈನ್‌ನಾಗ ಆರ್ಡರ್ ಮಾಡೂಣು.’

ಶೈಲಾ ಹೊರಗೆ ಹೋದಳು. ಕರಿ ಚೀಲ ಎಳೆದು ತಂದು, ಎಲ್ಲರ ನಡುವೆ ನೆಲಕ್ಕೆ ಸುರಿದಳು.

‘ಆರ್ಡರ್ ಬ್ಯಾಡ್ರಿ. ಕಿತ್ತವರು ನಾವು, ಹಚ್ಚಾವ್ರೂ ನಾವ. ಏಳ್ರಿ.’

‘ಮಂದಿ ಮುಂದ ಏನಿದು ನಾಟಕ?’

‘ನಾಟಕ ನಿನ್ನೆ ಆತಲ್ರೀ, ಫೋಟೋ ತಗಸ್ಕೊಂಡು.’

ಯಾರೂ ಏಳಲಿಲ್ಲ ಎಂದರೆ ತಪ್ಪಾದೀತು, ಎದ್ದರು. ಟ್ರಾಫಿಕ್ ಶುರುವಾಗುವ ಮುಂಚೆ ಊರು ಸೇರಬೇಕಂತೆ. ನನ್ನ ಗಂಡನಿಗೂ ಆಫೀಸಿನ ಸೋಮವಾರದ ಡಿಪ್ಲಾಯ್‌ಮೆಂಟ್ ನೆನಪಾಯಿತು. ‘ನೀನು ಬೇಕಾದ್ರೆ ಶೈಲಾ ಜೊತೆ ಬಾ’ ಎಂದು ಕಾರು ಹತ್ತಿದರು. ಪ್ರಭಾಕರ್ ಕೂಡ ಅದೇ ಕಾರಿನಲ್ಲಿ, ಮುಖ ಊದಿಸಿಕೊಂಡು.

ಸಂಜೆಯವರೆಗೆ ಲಿನ್, ಶೈಲಾ, ನಾನು ಬೇಲಿಯುದ್ದಕ್ಕೂ ಗುರುತು ಸಿಕ್ಕಿಸಿದೆವು. ಮುಳ್ಳು ಚುಚ್ಚಿ ಬೆರಳೆಲ್ಲ ರಕ್ತ. ಹೊರಡುವಾಗ ಲಿನ್ ಥ್ಯಾಂಕ್ಸ್ ಹೇಳಲಿಲ್ಲ. ‘ಇನ್ನೊಮ್ಮೆ ಪ್ರಕೃತಿ ಉಳಿಸಬೇಕು ಅನ್ನಿಸಿದರೆ, ಮೊದಲು ನನಗೊಂದು ಫೋನ್ ಮಾಡಿ’ ಎಂದಳು.

ಕ್ರಿಕೆಟ್ ಗ್ರೌಂಡ್ ಸದ್ಯಕ್ಕೆ ನಿಂತಿದೆ. ನೆಲದ ದಾಖಲೆಯಲ್ಲಿ ಶೈಲಾಳ ಹೆಸರೂ ಇದೆಯಂತೆ, ಪೊದೆ ಕೀಳಿಸಲು ಸಹಿ ಹಾಕುವುದಿಲ್ಲ ಎಂದು ಕೂತಿದ್ದಾಳೆ. ಪ್ರಭಾಕರ್ ಮುನಿಸು ಮುಂದುವರಿದಿದೆ.

ಆದರೆ ಕತೆ ಅಲ್ಲಿಗೆ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಹೋದ ಭಾನುವಾರ ನಮ್ಮ ಕನ್ನಡ ಬಳಗದ ಯುಗಾದಿ. (ನಮ್ಮಲ್ಲಿ ಹಾಲ್ ಸಿಕ್ಕ ದಿನವೇ ಹಬ್ಬ.) ಪ್ರಭಾಕರ್ ತಂಡಕ್ಕೆ ‘ಪರಿಸರ ಸೇವೆ’ಯ ಪ್ರಮಾಣಪತ್ರ. ಹಿಂದೆ ಸ್ಕ್ರೀನ್ ಮೇಲೆ ಹಕ್ಕಿಯ ಚಿತ್ರ, ಅದೂ ನವಿಲು! ಒಬ್ಬೊಬ್ಬರ ಹೆಸರು ಕರೆದರು. ಶೈಲಾ ಕೂತಲ್ಲಿಂದ ಏಳಲೇ ಇಲ್ಲ. ನನ್ನ ಹೆಸರು ಬಂದಾಗ ನಾನು ಎದ್ದೆ, ಮೆಟ್ಟಿಲು ಹತ್ತಿದೆ, ಶಾಲು ಹೊದಿಸಿಕೊಂಡೆ. ಎರಡು ಮಾತಾಡಿ ಮೇಡಂ ಎಂದು ಮೈಕ್ ಕೊಟ್ಟರು.

ಮೈಕ್ ಕೈಯಲ್ಲೇ ಇತ್ತು, ನಾನು ಹೇಳಿದ್ದು ‘ಥ್ಯಾಂಕ್ಯೂ’.