ನಗು ಕೇಳಿಸದ ಮೇಲೆ

ರಂಗದ ಮೇಲೆ ಎಂಟು ವರ್ಷ ನನಗೆ ಗಂಡನಾಗಿದ್ದವರು ಪುಣೆಯ ಖಡಕಿ ಬಜಾರಿನ ಒಬ್ಬ ದರ್ಜಿ. ಸಿಪಾಯಿಗಳ ಸಮವಸ್ತ್ರ ಹೊಲಿಯುವ ಅಂಗಡಿ ಅವರದು. ನನಗಿಂತ ಬಹಳ ದೊಡ್ಡವರು, ರಾಯಚೂರು ಕಡೆಯಿಂದ ಬಂದವರು. ನಾನು ಕುರಕುಂಭದ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ವಾರವಿಡೀ ಗಾಜಿನ ನಳಿಕೆಗಳ ನಡುವೆ ಮಾತಿಲ್ಲದೆ ಕಳೆದು, ಭಾನುವಾರ ಬೆಳಿಗ್ಗೆ ಹಡಪಸರದ ಒಂದು ಹೋಟೆಲಿನ ಮಹಡಿಗೆ ಅವರೊಂದಿಗೆ ಜಗಳವಾಡಲು ಹೋಗುತ್ತಿದ್ದೆ. ಹೋಟೆಲಿನವರು ಕುಂದಾಪುರದ ಕಡೆಯವರು. ನಾಟಕದ ಹುಚ್ಚಿಗೆ ಮಹಡಿಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಕೆಳಗಿನಿಂದ ಏರಿ ಬರುವ ಸಾಂಬಾರಿನ ವಾಸನೆಯಲ್ಲಿ ನಮ್ಮ ತಾಲೀಮು ನಡೆಯುತ್ತಿತ್ತು.

ನಮ್ಮದು ಪುಟ್ಟ ತಂಡ. ಕಟ್ಟಿದವಳು ಬೆಂಗಳೂರಿನಿಂದ ಕೆಲಸಕ್ಕೆ ಬಂದಿದ್ದ ಒಬ್ಬ ಹುಡುಗಿ. ಬರೆಯುವುದೂ ಅವಳೇ, ನಿರ್ದೇಶಿಸುವುದೂ ಅವಳೇ. ಪ್ರತಿ ಪ್ರದರ್ಶನದಲ್ಲೂ ಎರಡು ಸಣ್ಣ ನಾಟಕ: ಮೊದಲು ಒಂದು ಭಯದ್ದು, ವಿರಾಮದ ನಂತರ ಒಂದು ನಗೆಯದು. ಹಳೇ ಬಂಗಲೆ, ಹುಣಸೆಮರದ ದೆವ್ವ ಅವಳಿಗೆ ಆಗುತ್ತಿರಲಿಲ್ಲ. “ನಮ್ಮ ಆಡಿಯನ್ಸ್ ಇರೋದು ಫ್ಲ್ಯಾಟಲ್ಲಿ. ದೆವ್ವಾನೂ ಫ್ಲ್ಯಾಟಲ್ಲೇ ಇರ್ಬೇಕು,” ಎನ್ನುತ್ತಿದ್ದಳು. ಹೆದರಿಸಿ ಹಾಗೇ ಮನೆಗೆ ಕಳಿಸಬಾರದೆಂದು ಕೊನೆಗೆ ನಗಿಸುವುದು. ಆ ನಗಿಸುವ ಕೆಲಸ ನಮ್ಮ ದರ್ಜಿಯಣ್ಣನದು.

ಅವರ ಮುಖದಲ್ಲಿ ನಗು ತರಿಸುವಂಥದ್ದೇನೂ ಇರಲಿಲ್ಲ. ಉದ್ದ ಮೂಗಿನ, ಸ್ವಲ್ಪ ದುಃಖದ ಮುಖ. ಅವರ ಶಕ್ತಿ ಇದ್ದದ್ದು ಕಾಯುವುದರಲ್ಲಿ. ಒಂದು ಮಾತು ಆಡಿ, ಏನೂ ಗೊತ್ತಿಲ್ಲದವರಂತೆ ಪ್ರೇಕ್ಷಕರ ಕಡೆ ತಿರುಗಿ ನಿಂತುಬಿಡುವರು. ನಗು ಎದ್ದು, ಏರಿ, ಇನ್ನೇನು ಇಳಿಯಬೇಕು ಎನ್ನುವಾಗ ಮುಂದಿನ ಮಾತು. ಮತ್ತೆ ನಗು. ಸೊಸೈಟಿಯ ಪಾರ್ಕಿಂಗ್ ಜಾಗಕ್ಕೆ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಪಕ್ಷ ಸೇರುವ ಒಂದು ನಾಟಕ ನಮ್ಮದು. ಕನ್ನಡ ಬಾರದ ಮರಾಠಿ ನೆರೆಹೊರೆಯವರೂ ಅದಕ್ಕೆ ಬಂದು ಕುರ್ಚಿ ಹಿಡಿದುಕೊಂಡು ನಕ್ಕದ್ದುಂಟು.

ಒಂದು ಸಂಜೆ ಅವರು ನಗುವಿನ ಮಧ್ಯದಲ್ಲೇ ಮುಂದಿನ ಮಾತು ಹೇಳಿಬಿಟ್ಟರು. ಅದು ಯಾರಿಗೂ ಕೇಳಲಿಲ್ಲ. ಅದರ ಮುಂದಿನದೂ ಹಾಗೇ ಮುಳುಗಿತು. ಆಯಾಸವಿರಬೇಕು ಎಂದುಕೊಂಡೆವು. ಆದರೆ ತಾಲೀಮಿನಲ್ಲಿ ಅವರು ನಮ್ಮ ತುಟಿಗಳನ್ನೇ ನೋಡತೊಡಗಿದ್ದು ನನ್ನ ಗಮನಕ್ಕೆ ಬಂತು. ಒಂದು ಭಾನುವಾರ ಚಹಾ ಕುಡಿಯುವಾಗ ಅವರೇ ಹೇಳಿದರು:

“ತಂಗೀ, ನನಗ ಕೇಳಸೋದು ಕಡಿಮಿ ಆಗೇದ. ನಮ್ಮಪ್ಪಗೂ ಹಿಂಗ ಆಗಿತ್ತು. ಡಾಕ್ಟರು ಇದು ಇನ್ನ ಹೆಚ್ಚೇ ಆಗತದ ಅಂದಾರ.”

“ಕಿವಿಗೆ ಮಷೀನ್ ಹಾಕ್ಕೋರಿ ಅಣ್ಣಾ.”

“ಹಾಕಿ ನೋಡೀನಿ. ಅಂಗಡ್ಯಾಗ ನಡೀತದ. ಆದ್ರ ಇಷ್ಟು ಮಂದಿ ಒಮ್ಮೆಲೇ ನಕ್ರಂದ್ರ ತಗಡು ಎಳದಂಗ ಆಗತದ. ನಗೂ ಹೌದೋ ಅಲ್ಲೋ ತಿಳಿಯಂಗಿಲ್ಲ.”

ನಿರ್ದೇಶಕಿ ಹುಡುಗಿಗೆ ಹೇಳಿದಾಗ ಅವಳು, “ಅಕ್ಕಾ, ನೀವು ಅವರ ಕೈ ಹಿಡ್ಕೊಳ್ಳಿ,” ಎಂದಳು. ಆ ವಾರ ಇಡೀ ನಾಟಕವನ್ನು ಬದಲಾಯಿಸಿದಳು. ಗಂಡ ಹೆಂಡತಿ ಎಷ್ಟೇ ಜಗಳವಾಡಿದರೂ ಕೈಗೆಟುಕುವಷ್ಟು ಹತ್ತಿರವೇ ಇರಬೇಕು. ಅವರು ಮಾತು ಹೇಳಿ ತಿರುಗಿ ನಿಂತಾಗ ನಾನು ಸಿಟ್ಟಿನ ನೆಪದಲ್ಲಿ ಅವರ ಮಣಿಕಟ್ಟು ಹಿಡಿಯುವುದು. ನಗು ಇಳಿಯುತ್ತಿದ್ದಂತೆ ಬಿಡುವುದು. ಬಿಟ್ಟಾಗ ಅವರು ಮುಂದಿನ ಮಾತು ಹೇಳುವುದು.

ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ, ಒಂದು ವರ್ಷದಷ್ಟು ಕಾಲ ಹೊರಗಿನವರಿಗೆ ಏನೂ ತಿಳಿಯಲಿಲ್ಲ. ನನ್ನ ಬೆರಳ ಕೆಳಗೆ ಅವರ ನಾಡಿ ಓಡುತ್ತಿತ್ತು. ನಗು ಜೋರಾದಷ್ಟೂ ನಾನು ಬಿಗಿಯಾಗಿ ಹಿಡಿಯುತ್ತಿದ್ದೆ, ಅವರಿಗೆ ಅದರ ಅಳತೆ ಸಿಗಲಿ ಎಂದು. ಪರದೆ ಬಿದ್ದ ಮೇಲೆ ಅವರು ಕೆಂಪಾದ ಮಣಿಕಟ್ಟನ್ನು ನೋಡಿಕೊಂಡು, “ಇವತ್ತ ಭಾಳ ನಕ್ಕಾರ ನೋಡು,” ಎನ್ನುವರು.

ಕೆಟ್ಟದ್ದು, ಬದಲಾಯಿಸದೆ ಬಿಟ್ಟಿದ್ದ ಒಂದೇ ಒಂದು ದೃಶ್ಯದಲ್ಲಿ. ಅವರು ಬಾಗಿಲಿನಿಂದ ಒಬ್ಬರೇ ಬಂದು ಒಂದು ಮಾತು ಹೇಳಿ ನಿಲ್ಲುವ ಜಾಗ. ಪ್ರತಿ ಸಲವೂ ಅಲ್ಲಿ ನಗು ಬೀಳುತ್ತಿತ್ತು, ಆ ದಿನ ಏಕೋ ಬೀಳಲಿಲ್ಲ. ಅವರು ನಗು ಇದೆಯೆಂದೇ ನಂಬಿ, ಮುಖವೆತ್ತಿ ಕಾಯುತ್ತ ನಿಂತರು. ನಾನು ರಂಗದ ಆ ತುದಿಯಲ್ಲಿದ್ದೆ. ಓಡಿ ಬರುವುದರೊಳಗೆ ಹಿಂದಿನ ಸಾಲಿನಿಂದ ಯಾರೋ “ಪುಢೆ ಬೋಲಾ, ಕಾಕಾ!”, ಮುಂದೆ ಹೇಳಿ ಕಾಕಾ, ಎಂದು ಮರಾಠಿಯಲ್ಲಿ ಕೂಗಿದರು. ಆಗ ಜನ ನಕ್ಕರು. ಆ ಕೂಗು ಅವರಿಗೆ ಕೇಳಿಸಲಿಲ್ಲ, ಆದರೆ ಮುಂದಿನ ಸಾಲಿನವರೆಲ್ಲ ನಗುತ್ತ ಹಿಂದೆ ತಿರುಗಿ ನೋಡುತ್ತಿದ್ದುದು ಕಂಡಿತು. ನಾನು ಕೈ ಹಿಡಿದಾಗ ಅದು ತಣ್ಣಗಿತ್ತು.

ಮುಂದಿನ ಭಯದ ನಾಟಕವನ್ನು ನಿರ್ದೇಶಕಿ ಅವರಿಗಾಗಿಯೇ ಬರೆದಳು. ಲಿಫ್ಟಿನಲ್ಲಿ ಒಬ್ಬ ಮುದುಕ. ಯಾವ ಅಂತಸ್ತಿನಲ್ಲಿ ಬಾಗಿಲು ತೆರೆದರೂ ಅವನೇ ನಿಂತಿರುತ್ತಾನೆ. ಒಂದು ಮಾತಿಲ್ಲ. “ಅಣ್ಣಾ, ಇದ್ರಲ್ಲಿ ನೀವು ಯಾರಿಗೂ ಕಾಯ್ಬೇಕಾಗಿಲ್ಲ. ಅವರೇ ನಿಮಗೆ ಕಾಯ್ತಾರೆ,” ಎಂದು ನಿಧಾನವಾಗಿ, ತುಟಿ ತಿಳಿಯುವಂತೆ ಹೇಳಿದಳು. ಅವರು ಹೂಂ ಎಂದರು. ಯಾರೂ ಬಲವಂತ ಮಾಡಲಿಲ್ಲ. ಅದಕ್ಕೇ ಇವತ್ತು ಯಾರನ್ನೂ ದೂರುವಂತಿಲ್ಲ.

ಅವರು ಆ ಮುದುಕನಾಗಿ ನಿಂತದ್ದನ್ನು ನೆನೆದರೆ ಈಗಲೂ ನನಗೆ ಲಿಫ್ಟಿನಲ್ಲಿ ಒಬ್ಬಳೇ ಹೋಗಲಾಗುವುದಿಲ್ಲ. ಮೂರನೆಯ ಸಲ ಬಾಗಿಲು ತೆರೆದಾಗ ಅವರು ಕುತ್ತಿಗೆಯನ್ನು ಕೂದಲೆಳೆಯಷ್ಟು ವಾಲಿಸಿದರು, ಅಷ್ಟೇ. ಸಭಾಂಗಣದಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಮುಂದೆ ಕೂತಿದ್ದ ಒಬ್ಬ ತಾಯಿ ಮಗಳ ಕಣ್ಣು ಮುಚ್ಚಿದಳಂತೆ. ಅಂಥ ಯಶಸ್ಸನ್ನು ನಮ್ಮ ತಂಡ ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ವಿರಾಮದಲ್ಲಿ ನಾವೆಲ್ಲ ಬಣ್ಣದ ಕೋಣೆಗೆ ನುಗ್ಗಿದೆವು. ಅವರು ಬಿಳಿ ಬಣ್ಣದ ಮುಖದಲ್ಲೇ ಕನ್ನಡಿಯ ಮುಂದೆ ಕುಳಿತಿದ್ದರು. ನನ್ನನ್ನು ಕಂಡೊಡನೆ ಕೇಳಿದರು:

“ಮಂದಿ ಎದ್ದು ಹೋದ್ರೇನ?”

“ಇಲ್ಲಣ್ಣಾ! ಒಬ್ಬರೂ ಅಲುಗಾಡಲಿಲ್ಲ. ಎಲ್ಲಾರೂ ಗಾಬರ‍್ಯಾಗಿ ಕುಂತಿದ್ರು.”

ನಾನು ಎರಡು ಸಲ ಹೇಳಬೇಕಾಯಿತು. ಅವರು ತಲೆಯಾಡಿಸಿದರು. ಆಮೇಲೆ ಅಂದರು: “ನಗೋ ನಾಟಕದಾಗ ದೀಪ ಇರ್ತಿತ್ತು, ಹಲ್ಲು ಕಾಣತಿದ್ವು. ನೀ ಕೈ ಹಿಡೀತಿದ್ದಿ. ಇಲ್ಲಿ ಕತ್ತಲಿ. ಖುರ್ಚಿ ಖಾಲಿ ಅದಾವೋ ತುಂಬ್ಯಾವೋ, ನನಗೇನು ಗೊತ್ತಾಗಬೇಕು?”

ನಿರ್ದೇಶಕಿ ಅವರ ಕಾಲು ಮುಟ್ಟಿ ನಮಸ್ಕರಿಸಿದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟರು. ನಮಗೆಲ್ಲ ಅದು ದೊಡ್ಡ ಸಂತೋಷದ ಗಳಿಗೆಯಾಗಿ ಕಂಡಿತು.

ವಿರಾಮದ ನಂತರ ಪಾರ್ಕಿಂಗ್ ನಾಟಕ. ಗಂಡನ ಪಾತ್ರಕ್ಕೆ ಈಗ ಬ್ಯಾಂಕಿನ ಒಬ್ಬ ನೌಕರ ಬಂದಿದ್ದ; ಅದನ್ನು ಬಿಟ್ಟುಕೊಡುವಿರಾ ಎಂದು ದರ್ಜಿಯಣ್ಣನನ್ನು ನಾವು ಯಾರೂ ಕೇಳಿರಲಿಲ್ಲ. ಚೆನ್ನಾಗಿಯೇ ಮಾಡುತ್ತಿದ್ದ. ಜಗಳದ ನಡುವೆ ಒಮ್ಮೆ ಪಕ್ಕದ ಪರದೆಯತ್ತ ನೋಡಿದೆ. ದರ್ಜಿಯಣ್ಣ ಅಲ್ಲಿ ನಿಂತು ನಮ್ಮನ್ನಲ್ಲ, ಮುಂದಿನ ಸಾಲಿನ ಮುಖಗಳನ್ನು ನೋಡುತ್ತಿದ್ದರು. ನಾಟಕ ಮುಗಿದ ಮೇಲೆ ಬಂದು ಕೇಳಿದರು: “ಬಾಗಲದಾಗ ಬಂದು ಹೇಳೋ ಮಾತಿಗೆ ನಕ್ರೇನ?”

ನಕ್ಕಿದ್ದರು. “ಹೌದಣ್ಣಾ,” ಎಂದೆ. ಸುಳ್ಳು ಹೇಳಿದ್ದರೂ ಅವರು ಕಂಡುಹಿಡಿಯುತ್ತಿದ್ದರು.

“ಛಲೋ ಆತು,” ಎಂದು ಮುಖ ತೊಳೆಯಲು ಹೋದರು.

ಲಿಫ್ಟಿನ ಮುದುಕನನ್ನು ಇನ್ನೂ ಕೆಲವು ಸಲ ಮಾಡಿದರು. ಎಲ್ಲ ಸಲವೂ ಅಷ್ಟೇ ಚೆನ್ನಾಗಿತ್ತು. ಆಮೇಲೆ ಭಾನುವಾರ ಬರುವುದನ್ನು ನಿಲ್ಲಿಸಿದರು. ಮೊದಲು ಅಂಗಡಿಯಲ್ಲಿ ಕೆಲಸ ಹೆಚ್ಚು ಎಂದರು, ಆಮೇಲೆ ಮೊಣಕಾಲು ನೋವು ಎಂದರು. ನಾನು ಖಡಕಿಗೆ ಹೋದಾಗ ಅವರ ಹೆಂಡತಿ, ನಿಜವಾದ ಹೆಂಡತಿ, ಅಂಗಡಿಯ ಬಾಗಿಲಲ್ಲೇ ಸಿಕ್ಕರು.

“ಮನ್ಯಾಗೂ ಮಾತು ಕಡಿಮಿ ಮಾಡ್ಯಾರ್ರಿ. ಯಾರದರೆ ಲಗ್ನಕ್ಕ ಬರ್ರಿ ಅಂದ್ರ ಒಲ್ಲೆ ಅಂತಾರ. ನೀವರೆ ಹೇಳಿ ನೋಡ್ರಿ.”

ಒಳಗೆ ಅವರು ಬಟ್ಟೆ ಕತ್ತರಿಸುತ್ತಿದ್ದರು. ಪಕ್ಕದ ಸ್ಟೂಲಿನಲ್ಲಿ ಕುಳಿತೆ. ನಗೆ ನಾಟಕಕ್ಕೆ ಮತ್ತೆ ಬನ್ನಿ, ಬಾಗಿಲಿನ ದೃಶ್ಯ ತೆಗೆದುಹಾಕೋಣ, ಮೊದಲಿನಿಂದ ಕೊನೆಯತನಕ ನಾನು ಕೈ ಬಿಡುವುದಿಲ್ಲ ಎಂದೆ. ಅವರು ನನ್ನ ತುಟಿಗಳನ್ನು ಪೂರ್ತಿ ಓದಿದರು.

“ಆಗಿದ್ದ ಮ್ಯಾಲ ಕೇಳಲಿಕ್ಕತ್ತಿಯಲ್ಲ ತಂಗೀ,” ಎಂದರು. ಸಿಟ್ಟಿರಲಿಲ್ಲ. “ಆ ಹುಡುಗ ಛಲೋ ಮಾಡ್ತಾನ. ಅವನ ಪಾತ್ರ ಕಸಗೊಳ್ಳೋದು ಬ್ಯಾಡ.”

ಚಹಾ ತರಿಸಿದರು. ಕುಡಿದು ಎದ್ದೆ.

ಮಾರನೆಯ ವರ್ಷ ಅವರು ಅಂಗಡಿಯನ್ನು ತಮ್ಮನಿಗೆ ಬಿಟ್ಟು ಸೊಲ್ಲಾಪುರದಲ್ಲಿ ಮಗಳ ಮನೆ ಸೇರಿದರು. ಹಬ್ಬಗಳಿಗೆ ನನ್ನ ಮೊಬೈಲಿಗೆ ದೀಪದ ಚಿತ್ರ ಕಳಿಸುತ್ತಾರೆ. ಹೊಸ ನಾಟಕವಾದಾಗಲೆಲ್ಲ ಬನ್ನಿ ಎಂದು ಬರೆಯಲು ಹೊರಟು ಅಳಿಸಿಬಿಡುತ್ತೇನೆ. ಮುಂದಿನ ಸಾಲಿನಲ್ಲಿ ಕೂರಿಸಿದರೆ ಅವರಿಗೆ ಕಾಣುವುದು ನಗುವ ಜನರ ಬೆನ್ನೂ ಅಲ್ಲ, ಹಲ್ಲೂ ಅಲ್ಲ, ಬರೇ ನಾವು, ಬಾಯಾಡಿಸುವವರು. ಕಳೆದ ಹಬ್ಬಕ್ಕೆ ದೀಪದ ಕೆಳಗೆ ಅವರೇ ಒಂದು ಸಾಲು ಬರೆದಿದ್ದರು: “ನಾಟಕ ನಡದದ ಹೌದಿಲ್ಲೋ?” ನಡೆದಿದೆ ಅಣ್ಣಾ ಎಂದು ಬರೆದೆ. ಬನ್ನಿ ಎಂಬುದನ್ನು ಮಾತ್ರ ಈ ಸಲವೂ ಅಳಿಸಿದೆ.