ಕಿರೀಟವಿಲ್ಲದ ನಾಟಕಕ್ಕೆ ಒಂದು ಹುಣಿಸೆ ಬೀಜ

ಉದ್ದನಪಲ್ಲಿಯ ಪಾಪಯ್ಯನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಎರಡೇ ಮಾತು. ಅವೂ ಯಾವಾಗಲೂ ಒಟ್ಟಿಗೇ ಬರುತ್ತಿದ್ದವು: ವನ್ಸ್ ಮೋರ್. ಅಷ್ಟರಲ್ಲೇ ಅವನ ಬದುಕು ಸಾಗಿತ್ತು. ರಾಗಿ ತೆನೆ ಕಟ್ಟುವ ಕಾಲದಲ್ಲಿ ಅಟ್ಟಣೆಯ ಮೇಲೆ ನಿಂತು ಹಕ್ಕಿ ಓಡಿಸಿ ಪಳಗಿದ ಗಂಟಲು ಅವನದು. ಅವನು ಕೂಗಿದರೆ ಪಕ್ಕದ ಹೊಲದ ಹಕ್ಕಿಗಳೂ ಏಳುತ್ತಿದ್ದವು. ಪಕ್ಕದ ಹೊಲದವರು ಆ ಉಪಕಾರವನ್ನು ಬಾಯಿಬಿಟ್ಟು ಹೇಳಿದವರಲ್ಲ.

ಆ ಗಂಟಲಿಗೆ ಮರ್ಯಾದೆ ಸಿಗುತ್ತಿದ್ದದ್ದು ಕೆಲಮಂಗಲದಲ್ಲಿ. ಅಲ್ಲಿ ನಾಟಕದ ಕಂಪನಿ ಡೇರೆ ಹಾಕಿದಾಗ ಮುಂದಿನ ಚಾಪೆಯಲ್ಲಿ, ನಡುಗಂಬದ ಪಕ್ಕ, ಒಂದಾಳು ಕೂರುವಷ್ಟು ಜಾಗ ಪಾಪಯ್ಯನಿಗೆಂದೇ ಖಾಲಿ ಇರುತ್ತಿತ್ತು. ಹಾಡು ಹಿಡಿಸಿದರೆ ಅವನು ಕೂಗುವನು. ಕೂಗಿದರೆ ನಟರು ಮತ್ತೆ ಹಾಡಲೇಬೇಕು, ಅದು ಕಟ್ಟಳೆ. ಹಾಡಿದವನು ಹಾಡುತ್ತಲೇ ಸತ್ತಿದ್ದರೂ ಬಿಡುವಂತಿಲ್ಲ. ಎದ್ದು, ಮೈಮೇಲಿನ ಧೂಳು ಕೊಡವಿ, ಹಾಡಿ, ಮತ್ತೊಮ್ಮೆ ಸಾಯಬೇಕು. ಕಂಪನಿಯ ಹಳೆಯ ನಾಟಕದಲ್ಲಿ ಏಳು ಕಿರೀಟಗಳಿದ್ದುದರಿಂದ ಜನ ಅದನ್ನು ಕಿರೀಟದ ನಾಟಕ ಎನ್ನುತ್ತಿದ್ದರು. ಅದರ ರಾಜನನ್ನು ಪಾಪಯ್ಯ ಒಂದೇ ದಿನ ನಾಲ್ಕು ಸಲ ಸಾಯಿಸಿದ್ದುಂಟು. ನಾಲ್ಕನೆಯ ಸಲ ಸತ್ತ ಮೇಲೂ ರಾಜ ಕೆಮ್ಮುತ್ತಿದ್ದನಂತೆ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಕಂಪನಿ ಮತ್ತೆ ಬಂತು. ಸೀಮೆಎಣ್ಣೆಗೆ ಅಭಾವವಿದ್ದುದರಿಂದ ಗ್ಯಾಸ್‌ಲೈಟು ಹಚ್ಚುವಂತಿರಲಿಲ್ಲ. ಹಾಗಾಗಿ ಸಂತೆಯ ದಿನ ಮಧ್ಯಾಹ್ನವೇ ಆಟ. ಹಗಲ ಬೆಳಕಿನಲ್ಲಿ ಕಿರೀಟಗಳಿಗೆ ಅಂಟಿಸಿದ ಬೇಗಡೆ ಎಲ್ಲೆಲ್ಲಿ ಎದ್ದಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಪಾಪಯ್ಯನಿಗೆ ಮಾತ್ರ ಕಾಣುತ್ತಿರಲಿಲ್ಲ.

ಕಂಪನಿ ಈ ಸಲ ಎರಡು ನಾಟಕ ತಂದಿತ್ತು. ಒಂದು, ಪೆಟ್ಟಿಗೆಯ ತಳದಿಂದ ಮತ್ತೆ ಮೇಲೆತ್ತಿದ ಕಿರೀಟದ ನಾಟಕ. ಇನ್ನೊಂದು, ಹಾರ್ಮೋನಿಯಂ ಮೇಷ್ಟ್ರು ಮುತ್ತರಾಯಪ್ಪನವರೇ ಬರೆದ ಹೊಸದು. ಅದರಲ್ಲಿ ರಾಜನಿಲ್ಲ, ಕಿರೀಟವಿಲ್ಲ. ಸೀಮೆಎಣ್ಣೆ ಅಂಗಡಿಯ ಮುಂದೆ ಜನ ಸಾಲು ನಿಂತಿರುತ್ತಾರೆ, ಅಷ್ಟೆ. ಮೇಷ್ಟ್ರ ಪಕ್ಕ ಒಂದು ಹಿತ್ತಾಳೆ ಬಟ್ಟಲು ಇರುತ್ತಿತ್ತು. ಒಂದು ವನ್ಸ್ ಮೋರ್ ಬಿದ್ದರೆ ಬಟ್ಟಲಿಗೆ ಒಂದು ಹುಣಿಸೆ ಬೀಜ. ಬೀಜವೇ ಬೀಳದ ನಾಟಕವನ್ನು ಕಂಪನಿ ಮತ್ತೆ ಆಡುವುದಿಲ್ಲ. ಮೊದಲ ಸಂತೆಗೆ ಕಿರೀಟದ ನಾಟಕ ಆಡಿದರು. ಹನ್ನೊಂದು ಬೀಜ ಬಿದ್ದವು, ಒಂಬತ್ತು ಪಾಪಯ್ಯನವು.

ಮುಂದಿನ ಸಂತೆಯವರೆಗೆ ಕೆಲಮಂಗಲದಲ್ಲಿ ಬೇರೆ ಮಾತಿರಲಿಲ್ಲ. ರಾಮಾಂಜಿನಪ್ಪನ ಹೊಲಿಗೆ ಅಂಗಡಿಯ ಜಗಲಿಯ ಮೇಲೆ ಹಳತಿನವರು ಒಂದು ಕಡೆ, ಹೊಸತಿನವರು ಒಂದು ಕಡೆ. ಮೂರು ಭಾಷೆಯ ಸೀಮೆಯಾದ್ದರಿಂದ ಕನ್ನಡದಲ್ಲಿ ಶುರುವಾದ ವಾದ ತೆಲುಗಿನಲ್ಲಿ ಕಾವು ಏರಿ ತಮಿಳಿನಲ್ಲಿ ಬೈಗುಳಕ್ಕೆ ಮುಟ್ಟುತ್ತಿತ್ತು. ಸಮಾಧಾನಕ್ಕೆ ಮತ್ತೆ ಕನ್ನಡಕ್ಕೆ ಬರಬೇಕಾಗುತ್ತಿತ್ತು. ಮನೆಯ ತಾಪತ್ರಯ ನೋಡುವುದಕ್ಕೆ ಟಿಕೇಟು ಯಾಕೆ ಎಂದು ಹಳತಿನವರು ಕೇಳಿದರು. ಸತ್ತವನನ್ನೇ ಎಷ್ಟು ಸಲ ಸಾಯಿಸುತ್ತೀರಿ ಎಂದು ಹೊಸತಿನವರು ಕೇಳಿದರು. ರಾಮಾಂಜಿನಪ್ಪ ಹೊಸತಿನ ಪಕ್ಷ. ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ ಅಂದ:

"ಪಾಪಣ್ಣ, ಹೊಸಾದ್ರಲ್ಲಿ ನೀನೂ ಕೂಗ್ತೀಯ ನೋಡ್ತಿರು."

"ಕಿರೀಟ ಇಲ್ದಿರೋ ನಾಟಕಕ್ಕಾ?" ಅಂದ ಪಾಪಯ್ಯ. "ಅಂಗೇನಾದ್ರೂ ನನ್ ಗಂಟ್ಲಿಂದ ವನ್ಸ್ ಮೋರ್ ಬಂದ್ರೆ, ಮುಂದ್ಲ ಚಾಪೆ ಮ್ಯಾಲೆ ಇನ್ನೊಂದ್ ದಪ ಕುಂತ್ಕಳಲ್ಲ ಕಣ್ಲಾ. ಬರ್ಕೊ."

ರಾಮಾಂಜಿನಪ್ಪ ಬರೆದುಕೊಳ್ಳಲಿಲ್ಲ. ಜಗಲಿಯ ಮೇಲೆ ಇಪ್ಪತ್ತು ಜನ ಇದ್ದರು, ಬರೆಯುವ ಅಗತ್ಯವಿರಲಿಲ್ಲ.

ಎರಡನೆಯ ಸಂತೆಯ ದಿನ ಪಾಪಯ್ಯ ಎಂದಿನಂತೆ ಹೆಂಡತಿ ಕದಿರಮ್ಮನ ಜೊತೆ ಎರಡು ಹರದಾರಿ ನಡೆದು ಕೆಲಮಂಗಲಕ್ಕೆ ಬಂದ. ಅವಳ ಮಂಕರಿಯಲ್ಲಿ ಅವರೆಕಾಯಿ, ಸೀಮೆಎಣ್ಣೆಯ ಖಾಲಿ ಸೀಸೆ, ಜೊತೆಗೆ ಅರಿಶಿನ ಬಳಿದ ಒಂದು ಗುಂಡುಕಲ್ಲು. ವರ್ಷದಿಂದ ಆ ಕಲ್ಲು ಅವಳ ಜೊತೆ ಸಂತೆಗೆ ಹೋಗಿ ಬರುತ್ತಿತ್ತು. ಯಾಕೆಂದು ಪಾಪಯ್ಯ ಕೇಳಿರಲಿಲ್ಲ. ಯಾವ ದೇವರ ಹರಕೆಯೋ ಎಂದುಕೊಂಡು, ಕಲ್ಲು ಹೊರುವ ಹರಕೆಯನ್ನು ಹೆಂಗಸರೇ ಕಟ್ಟಿಕೊಳ್ಳುತ್ತಾರೆ ಎಂದು ಊರಲ್ಲಿ ನಗೆಯಾಡಿದ್ದ. ಡೇರೆಯ ಬಳಿ ಅವಳು ಎಂದಿನಂತೆ ಬಲಕ್ಕೆ ತಿರುಗಿದಳು. ಅವನು ಎಂದಿನಂತೆ ಒಳಗೆ ಹೋದ.

ಕಂಬದ ಪಕ್ಕ ಕೂತು ತುಟಿ ಬಿಗಿದುಕೊಂಡ. ಕೆಲವರು ನಾಟಕ ಬಿಟ್ಟು ಅವನ ಬಾಯನ್ನೇ ನೋಡುತ್ತಿದ್ದರು.

ಪರದೆ ಎದ್ದಾಗ ಅಂಗಡಿಯ ಬಾಗಿಲು, ಅದರ ಮುಂದೆ ಸಾಲಾಗಿ ಚೊಂಬು, ಸೀಸೆ, ಕಲ್ಲು. ಕಿರೀಟದ ನಾಟಕದಲ್ಲಿ ರಾಣಿಯಾಗುವ ಗಂಗರತ್ನಮ್ಮ ತೇಪೆ ಹಾಕಿದ ಸೀರೆಯುಟ್ಟು ಬಂದಳು. ಪಾಪಯ್ಯನಿಗೆ ಅವಮಾನವಾದಂತಾಯಿತು. ಅವಳು ಸೆರಗಿನಿಂದ ಒಂದು ಕಲ್ಲು ತೆಗೆದು ಸಾಲಿನ ಕೊನೆಯಲ್ಲಿಟ್ಟಳು. ಕಲ್ಲಿಗೆ ಅರಿಶಿನ ಬಳಿದಿತ್ತು. ಕೂಸಿಗೆ ಹಾಲು ಕೊಟ್ಟು ಬರುತ್ತೇನೆ, ನನ್ನ ಜಾಗಕ್ಕೆ ಇದು ಇರುತ್ತದೆ ಎಂದು ಮುಂದಿನವಳಿಗೆ ಹೇಳಿ ಹೋದಳು.

ಪಾಪಯ್ಯ ಆ ಕಲ್ಲನ್ನು ನೋಡಿದ. ಆಮೇಲೆ ನಾಟಕದಲ್ಲಿ ಯಾರು ಏನಂದರು ಎಂಬುದು ಅವನಿಗೆ ಸರಿಯಾಗಿ ಕೇಳಿಸಲಿಲ್ಲ.

ಅವಳು ತಿರುಗಿ ಬರುವಷ್ಟರಲ್ಲಿ ಯಾರೋ ಕಲ್ಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ್ದರು. ಎಣ್ಣೆ ಮುಗಿದಿತ್ತು. ಬಾಗಿಲು ಹಾಕಿತ್ತು. ಈಗ ಹಾಡು ಬರಬೇಕು. ಇಂಥ ಕಡೆ ರಾಣಿಗೆ ಹಾಡು ಇದ್ದೇ ಇರುತ್ತದೆ. ಹಾರ್ಮೋನಿಯಂ ಸುಮ್ಮನಿತ್ತು. ಮುತ್ತರಾಯಪ್ಪ ಮೇಷ್ಟ್ರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಗಂಗರತ್ನಮ್ಮ ಅಳಲೂ ಇಲ್ಲ. ಹಾಕಿದ ಬಾಗಿಲಿಗೆ, "ನಾಳೀಕ್ ಬರ್ಲಾ ಸಾಮಿ?" ಅಂದಳು. ಕಲ್ಲನ್ನು ಎತ್ತಿ, ಸೆರಗಿನಿಂದ ಒರೆಸಿ, ಬಾಗಿಲಿನ ಮುಂದೆ ನೆಟ್ಟಗೆ ಇಟ್ಟು, ಪಕ್ಕದಲ್ಲಿ ಕೂತಳು. ಡೇರೆಯ ಬಟ್ಟೆ ಗಾಳಿಗೆ ಒಮ್ಮೆ ಉಬ್ಬಿ ಇಳಿಯಿತು.

"ವನ್ಸ್ ಮೋರ್."

ಡೇರೆಯ ಹೊರಗೆ ಮೇಯುತ್ತಿದ್ದ ಹೋರಿಗಳು ತಲೆ ಎತ್ತಿದವು. ಒಳಗೆ ಎಲ್ಲರೂ ಪಾಪಯ್ಯನತ್ತ ತಿರುಗಿದರು. ಪಾಪಯ್ಯನೂ, ಯಾರು ಕೂಗಿದ್ದು ಎಂದು ಒಮ್ಮೆ ಹಿಂದೆ ತಿರುಗಿ ನೋಡಿದ.

ಗಂಗರತ್ನಮ್ಮನಿಗೆ ದಿಕ್ಕು ತೋಚಲಿಲ್ಲ. ಇಪ್ಪತ್ತು ವರ್ಷದಲ್ಲಿ ಹಾಡಿಲ್ಲದ ಕಡೆ ವನ್ಸ್ ಮೋರ್ ಬಿದ್ದದ್ದು ಇದೇ ಮೊದಲು. ಆದರೆ ಕಟ್ಟಳೆ ಕಟ್ಟಳೆಯೇ. ಮೇಷ್ಟ್ರು ಬಟ್ಟಲಿಗೆ ಬೀಜ ಹಾಕಿದ ಸದ್ದು ಎಲ್ಲರಿಗೂ ಕೇಳಿಸಿತು. ಅವಳು ಎದ್ದಳು, ಕಲ್ಲನ್ನು ಕಾಲಿನಿಂದ ತಾನೇ ಪಕ್ಕಕ್ಕೆ ತಳ್ಳಿದಳು, ಹೊರಗೆ ಹೋಗಿ ಮತ್ತೆ ಬಂದಳು, ಬಾಗಿಲನ್ನು ಮತ್ತೆ ಕೇಳಿದಳು. ಈ ಸಲ ಇನ್ನೂ ಮೆಲ್ಲಗೆ ಕೇಳಿದಳು. ಪಾಪಯ್ಯ ಮತ್ತೆ ಕೂಗಲಿಲ್ಲ. ಕಟ್ಟಳೆಯಂತೆ ಒಂದು ಬೀಜ ಸಾಕು. ಹೊಸ ನಾಟಕ ಇನ್ನೊಂದು ವಾರಕ್ಕೆ ಉಳಿಯಿತು.

ಹೊರಗೆ ರಾಮಾಂಜಿನಪ್ಪ ಕಾದಿದ್ದ. ಅಣಕಿಸಬೇಕೆಂದೇ ಬಂದಿದ್ದವನು, ಪಾಪಯ್ಯನ ಮುಖ ನೋಡಿ, ನಿನ್ನ ಅಂಗಿಯ ಗುಂಡಿ ಕಿತ್ತುಹೋಗಿದೆ, ತಂದುಕೊಡು, ಹಾಕಿಕೊಡುತ್ತೇನೆ ಎಂದಷ್ಟೇ ಹೇಳಿ ಹೋದ.

ಮುಂದಿನ ಸಂತೆಗೆ ಡೇರೆಯ ಬಳಿ ಬಂದಾಗ ಪಾಪಯ್ಯ ಹೆಂಡತಿಯ ಕೈಯಿಂದ ಸೀಸೆ ತೆಗೆದುಕೊಂಡ. ಕಲ್ಲನ್ನೂ ತೆಗೆದುಕೊಂಡ. ಟಿಕೇಟು ಅವಳ ಕೈಗಿಟ್ಟು, ನನಗೆ ಮುಂದಿನ ಚಾಪೆ ಆಗುವ ಹಾಗಿಲ್ಲ, ಮಾತು ಕೊಟ್ಟಿದ್ದೇನೆ ಅಂದ. ಅವಳು ಅವನನ್ನೂ ಕಲ್ಲನ್ನೂ ನೋಡಿ, ಒಳಗೆ ಹೋದಳು.

ಸೀಮೆಎಣ್ಣೆ ಅಂಗಡಿಯ ಸಾಲಿನಲ್ಲಿ ಅವನ ಹಿಂದೆ ಮುಂದೆ ಹೆಂಗಸರೇ. ಇಷ್ಟು ದೂರಕ್ಕೂ ಡೇರೆಯಿಂದ ಮಾತು ಅಲ್ಪಸ್ವಲ್ಪ ಕೇಳಿಸುತ್ತಿತ್ತು. ಗಂಗರತ್ನಮ್ಮ ಬಾಗಿಲನ್ನು ಕೇಳುವ ಕಡೆ ಬಂದಿತೆಂದು ಅನ್ನಿಸಿದಾಗ ಪಾಪಯ್ಯ ಕಲ್ಲು ಇಟ್ಟು, ನಾಲ್ಕು ಹೆಜ್ಜೆ ಆಚೆ ಹೋಗಿ ಕಿವಿಗೊಟ್ಟ. ವಾಪಸು ಬಂದಾಗ ಕಲ್ಲು ಮೂರು ಆಳು ಹಿಂದೆ ಇತ್ತು. ಯಾರನ್ನು ಕೇಳಿದರೂ, ಮೊದಲಿನಿಂದಲೂ ಅಲ್ಲೇ ಇತ್ತಲ್ಲ ಅಂದರು. ಅವನ ಸರದಿ ಬಂದಾಗ ಅರ್ಧ ಸೀಸೆ ಎಣ್ಣೆ ಮಾತ್ರ ಸಿಕ್ಕಿತು.

ಸಂಜೆ ಇಬ್ಬರೂ ಊರಿನ ದಾರಿ ಹಿಡಿದರು. ದಾರಿಯ ಹುಣಿಸೆಮರಗಳ ನೆರಳು ರಸ್ತೆಯ ಆಚೆಗೂ ಚಾಚಿತ್ತು. ಪಾಪಯ್ಯ ತಡೆಯಲಾರದೆ, ನಾಟಕ ಹೆಂಗಿತ್ತು ಎಂದು ಕೇಳಿದ.

"ಚೆಂದಾಗೇ ಮಾಡಿದ್ಲು," ಅಂದಳು. "ಕಲ್ಲಿಟ್ಟಿದ್ ಮಾತ್ರ ಸರಿ ಇಲ್ಲ. ಗೋಡೆಗೆ ಒತ್ತಿ ಇಕ್ಕಬೇಕು. ನಡುವೆ ಇಟ್ರೆ ತಳ್ಳದೆ ಬಿಟ್ಟಾರಾ?"

ಪಾಪಯ್ಯ ಅರ್ಧ ಸೀಸೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ಅದ್ನ ನಾನು ಸಂತೆ ಸಂತೆಗೂ ನೋಡ್ತೀನಿ," ಅಂದಳು ಅವಳು. "ರಾಜ ಸಾಯ್ತಾನಂತಲ್ಲ, ಅದ್ಯಾವತ್ತು ಆಡ್ತಾರೆ?"

"ಬರೋ ಸಂತೆಗೆ."

"ಸರಿ. ಅವತ್ತೂ ಸಾಲ್ನಾಗೆ ನೀನೇ ನಿಂತ್ಕೋ. ಗೋಡೆ ಕಡೀಗೆ."

ಆಗಲಿ ಎಂದು ಪಾಪಯ್ಯ ತಲೆಯಾಡಿಸಿದ. ಸ್ವಲ್ಪ ದೂರ ನಡೆದ ಮೇಲೆ, ರಾಜ ಮೊದಲನೇ ಸಲ ಸಾಯುವಾಗ ಸುಮ್ಮನೆ ನೋಡು, ಎರಡನೇ ಸಲಕ್ಕೆ ಅವನ ಗಂಟಲು ಚೆನ್ನಾಗಿ ಬಿಟ್ಟಿರುತ್ತದೆ ಎಂದು ತಿಳಿಸಿದ. ರಾಜ ಎರಡನೇ ಸಲ ಸಾಯಬೇಕಾದರೆ ತಾನೇನು ಮಾಡಬೇಕು ಎಂದು ಅವಳು ಕೇಳಿದಳು.

ಉದ್ದನಪಲ್ಲಿ ಮುಟ್ಟುವವರೆಗೂ ಅವನು ಅವಳಿಗೆ ಆ ಎರಡು ಮಾತು ಕಲಿಸಿದ.