ದುಬೈ ಮಾಳಿಗೆಯ ಮೇಲೆ ಅಜ್ಜಿಯ ಮೆಣಸಿನಕಾಯಿ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಮೊಮ್ಮಕ್ಕಳೇ, ಶಾಲೆಯ ಸೂಟಿಗೆಂದು ದುಬೈಗೆ ಹೋಗಿದ್ದೆ. ಅಪ್ಪ ಅಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಮೊದಲು ನಾವೂ ಅಲ್ಲೇ ಇದ್ದೆವು. ಆಮೇಲೆ ಅವ್ವ, ಅಕ್ಕ, ನಾನು ಬ್ಯಾಡಗಿಗೆ ಬಂದು ಅಜ್ಜಿಯ ಜೊತೆ ಉಳಿದೆವು. ನಾಲ್ಕು ವರ್ಷದ ಮೇಲೆ ಮೂವರೂ ಹೋದಾಗ ಆ ಊರಿನ ಗುರುತೇ ಹತ್ತಲಿಲ್ಲ. ನಾನು ಬರಿಗಾಲಲ್ಲಿ ಓಡಾಡಿದ್ದ ಮರಳಿನ ಬಯಲಲ್ಲಿ ಐದಂತಸ್ತಿನ ಕಟ್ಟಡಗಳು ಎದ್ದಿದ್ದವು. ಒಂಟೆಗಳು ಮಲಗುತ್ತಿದ್ದ ಕಡೆ ಸಿಗ್ನಲ್ ದೀಪ. ಎಲ್ಲಿ ನಿಂತರೂ ಹಸಿ ಸಿಮೆಂಟಿನ ವಾಸನೆ.

ಅಜ್ಜಿ ಅಪ್ಪನಿಗೆಂದು ಒಂದು ಗಂಟು ಬ್ಯಾಡಗಿ ಮೆಣಸಿನಕಾಯಿ ಕಳಿಸಿದ್ದಳು. ತಾನೇ ಕುಳಿತು ಒಂದೊಂದರ ತೊಟ್ಟು ಮುರಿದು, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ್ದಳು. ಅಲ್ಲಿ ಸಿಗುವ ಖಾರಕ್ಕೆ ಬಣ್ಣವಿಲ್ಲ ಎಂದು ಅಪ್ಪ ಕಾಗದ ಬರೆದಾಗಲೆಲ್ಲ ಅಜ್ಜಿಗೆ ಊಟ ಸೇರುತ್ತಿರಲಿಲ್ಲ.

ದಾರಿಯಲ್ಲಿ ಕಾಯಿ ಮೆತ್ತಗಾಗಿತ್ತು. ಮರುದಿನ ಬೆಳಿಗ್ಗೆ ಅವ್ವ, ಊರಲ್ಲಿ ಮಾಡುವಂತೆಯೇ, ಅದನ್ನು ಅಪ್ಪನಿದ್ದ ಕಟ್ಟಡದ ಮಾಳಿಗೆಯ ಮೇಲೆ ಹರವಿದಳು. "ಬಿಸಲಿಗೇನ ಇಲ್ಲಿ ಬರ ಇಲ್ಲ. ಗಾಳಿ ಬಂದ್ರ ಲಗೂ ಬಳಕೊಂಡ ಬರ್ರಿ" ಎಂದು ನಮ್ಮಿಬ್ಬರನ್ನು ಕೂರಿಸಿ ಅಡುಗೆಗೆ ಇಳಿದಳು.

ಅಷ್ಟರಲ್ಲಿ ನನ್ನ ಹಳೆಯ ಗೆಳೆಯನೊಬ್ಬ ಮೇಲೆ ಬಂದ. ಕೆಳಗಿನ ಮನೆಯ ಹುಡುಗ. ಈಗ ಅವನ ಕಾಲಲ್ಲಿ ಹೊಳೆಯುವ ಬೂಟು, ಬಾಯಲ್ಲಿ ಇಂಗ್ಲಿಷು. ನಾನು ಅವನನ್ನೇ ನೋಡುತ್ತ ನಿಂತೆ. ಗಾಳಿ ಎದ್ದದ್ದು ಗೊತ್ತಾಗಲಿಲ್ಲ. ಕಾಯಿಗಳು ಹಾರಿ, ತಂತಿಯ ಮೇಲೆ ಒಣಹಾಕಿದ್ದ ಯಾರದೋ ಬಿಳಿ ನಿಲುವಂಗಿಗಳಿಗೆ ಅಂಟಿಕೊಂಡವು. ಒದ್ದೆ ಬಟ್ಟೆಯ ತುಂಬ ಕೆಂಪು ಕಲೆ. ಕಟ್ಟಡದ ಕಾವಲುಗಾರ ಸೀನುತ್ತ ಬಂದು, ಇದು ಯಾರದು ಎಂದು ಹಿಂದಿಯಲ್ಲಿ ಗದರಿಸಿದ. ಗೆಳೆಯ ಮೂಗು ಹಿಡಿದು ನಕ್ಕ.

"ನಮ್ಮದಲ್ಲ" ಎಂದೆ. ಅವನ ಜೊತೆ ನಾನೂ ನಕ್ಕೆ. ಅಕ್ಕ ಬಾಯಿ ತೆರೆದಳು. ಅವಳ ಕೈ ಚಿವುಟಿದೆ. ಕಾವಲುಗಾರ ಅಷ್ಟನ್ನೂ ಗುಡಿಸಿ ಕೆಳಗಿನ ಕಸದ ಡ್ರಮ್ಮಿಗೆ ಸುರಿದ.

ಮಧ್ಯಾಹ್ನ ಊಟಕ್ಕೆ ಬಂದ ಅಪ್ಪ, ಕೈ ತೊಳೆಯುವ ಮೊದಲೇ, "ಎಲ್ಲಿ, ನಮ್ಮವ್ವ ಕಳಿಸಿದ ಕಾಯಿ ತೋರಸ್ರಿ" ಎಂದ. ಅಕ್ಕ ಅಳುತ್ತ ಎಲ್ಲವನ್ನೂ ಹೇಳಿದಳು.

ಅಪ್ಪ ಬೈಯಲಿಲ್ಲ. ಕಾವಲುಗಾರನಿಗೆ ಕೈಮುಗಿದು, ಆ ನಿಲುವಂಗಿಗಳನ್ನು ತಾನೇ ಸಾಬೂನು ಹಚ್ಚಿ ತಿಕ್ಕಿ ಒಗೆದ. ಆಮೇಲೆ ಡ್ರಮ್ಮಿನಲ್ಲಿ ಕೈಹಾಕಿ, ಮೊಟ್ಟೆಯ ಸಿಪ್ಪೆ, ಮೀನಿನ ಮುಳ್ಳಿನ ನಡುವೆ ಕಾಯಿ ಹುಡುಕತೊಡಗಿದ. ಗೆಳೆಯ ಮೆಟ್ಟಿಲ ಮೇಲೆ ನಿಂತಿದ್ದ. ನಾನು ಬಾಗಿಲ ಹಿಂದೆ.

"ಬಾರೋ, ಆರಸಾಕ ಬಾ."

"ನಾ ಬರಂಗಿಲ್ಲಪ್ಪ. ಅವ ನೋಡಾಕತ್ತಾನ."

ಅಪ್ಪನ ಕೈ ನಿಂತಿತು. "ಅಂವ ನೋಡ್ತಾನ ಖರೆ. ನಿಮ್ಮ ಅಜ್ಜಿಗೆ ನಾ ಏನಂತ ಬರೀಲಿ, ಅದನ್ನರ ಹೇಳು."

ನಾನು ಬಾಗಿಲನ್ನು ಇನ್ನಷ್ಟು ಎಳೆದುಕೊಂಡೆ. ಸಿಕ್ಕದ್ದು ಒಂದು ಬೊಗಸೆ, ಅದೂ ನಾರುತ್ತಿತ್ತು. ಕಾಯಿ ಬಂದು ಮುಟ್ಟಿದವು ಎಂದಷ್ಟೇ ಅಪ್ಪ ಬರೆದ.

ಊರಿಗೆ ಮರಳಿದಾಗ ಅಜ್ಜಿ ಬಸ್‌ಸ್ಟ್ಯಾಂಡಿನಲ್ಲೇ ನನ್ನ ಗಲ್ಲ ಹಿಡಿದಳು. "ಹೆಂಗಿದ್ವೋ ಕಾಯಿ? ನಿಮ್ಮಪ್ಪಗ ಸೇರಿದ್ವೇನು?" ನಾನು ಹೂಂ ಎಂದು ಗೋಣು ಹಾಕಿದೆ.

ಈಗ ನೀವು ರಾಣೆಬೆನ್ನೂರಿನ ಮನೆಯಲ್ಲಿ ಕುಳಿತು ಫೋನಿನಲ್ಲಿ ದುಬೈಯ ಗೋಪುರಗಳನ್ನು ನೋಡುತ್ತೀರಿ. ಶಾಲೆಯಲ್ಲಿ ಯಾರೋ ನಿಮ್ಮ ರೊಟ್ಟಿ ಡಬ್ಬಿಗೆ ಮೂಗು ಮುರಿದಾಗ, "ನಮ್ಮ ಅಜ್ಜ ಕುಟ್ಟಿದ ಖಾರ, ಬೇಕಾದ್ರ ತಿನ್ನು, ಬ್ಯಾಡಾದ್ರ ಬಿಡು" ಅಂದಿರಂತೆ. ಅದು ದೊಡ್ಡ ಮಾತೆಂದು ನಿಮಗೆ ಅನಿಸಿಯೇ ಇಲ್ಲ. ನನ್ನ ಅಜ್ಜಿ ಇನ್ನೂ ಹನ್ನೊಂದು ವರ್ಷ ಬದುಕಿದ್ದಳು. ದಿನಾ ಅವಳ ಪಕ್ಕದಲ್ಲೇ ಕುಳಿತು ಉಣ್ಣುತ್ತಿದ್ದ ನಾನು, ಒಂದು ದಿನವೂ ಅವಳಿಗೆ ಖರೆ ಹೇಳಲಿಲ್ಲ.